ಜಾಲಿ ಮುಳ್ಳು ಗೀರಿದ ಕಾರಿಗೆ ಪೇಂಟ್ ಬೇಕೇ?

ಪ್ರಶ್ನೆ: ಹೊಲದ ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ನಮ್ಮ ಕಡುನೀಲಿ ಕಾರಿನ ಎರಡೂ ಮಗ್ಗುಲಿಗೆ ಉದ್ದಕ್ಕೂ ಗೀರು ಬಿದ್ದಿವೆ. ನಾಲ್ಕೂ ಡೋರಿಗೆ ಪೇಂಟ್ ಹೊಡೆಯಬೇಕು ಅಂತಾರೆ ಗ್ಯಾರೇಜಿನವರು. ಮನೆಯಲ್ಲೇ ಏನಾದರೂ ಮಾಡಬಹುದಾ?
– ಓದುಗರು, ಸಿರುಗುಪ್ಪ

ಉತ್ತರ: ಪೇಂಟಿನ ಮಾತು ಆಮೇಲೆ. ಗಾಡಿ ತೊಳೆದು ಒಣಗಿಸಿ, ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ, ನೀರು ಸವರಿದಾಗ ಗೀರು ಮಾಯವಾದರೆ, ಅದು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲೇ ನಿಂತಿದೆ. ಜಾಲಿ ಕೊಂಬೆ ಸವರಿದ ಗೀರು ಬಹುತೇಕ ಇದೇ ಜಾತಿಯವು. ಇದಕ್ಕೆ ಪೇಂಟ್ ಹೊಡೆಸಿದರೆ ದುಡ್ಡು ದಂಡ, ಮೇಲೆ ಶೇಡ್ ಹೊಂದದ ತಲೆನೋವು.

ರಬ್ಬಿಂಗ್ ಕಾಂಪೌಂಡ್ (ಗೀರು ತೇಯುವ ಪೇಸ್ಟ್), ಅದಕ್ಕಿಂತ ನಯವಾದ ಪಾಲಿಶ್, ಸ್ಪಂಜಿನ ಪ್ಯಾಡ್, ಎರಡು ಮೂರು ಮೈಕ್ರೋಫೈಬರ್ ಬಟ್ಟೆ ಇದ್ದರೆ ಸಾಕು. ಬೆಳಿಗ್ಗೆ, ನೆರಳಲ್ಲಿ, ತಗಡು ತಣ್ಣಗಿರುವಾಗಲೇ ಮಾಡಿ. ನಮ್ಮ ಕಡೆ ಬಿಸಿಲಿಗೆ ಕಾದ ಡೋರಿನ ಮೇಲೆ ಕಾಂಪೌಂಡ್ ಹಾಕಿದ ಕೂಡಲೇ ಒಣಗಿ ಹಿಟ್ಟಾಗುತ್ತದೆ. ಉಜ್ಜಿದರೆ ಅದೇ ಹೊಸ ಗೀರು ಎಬ್ಬಿಸುತ್ತದೆ. ಒಂದು ಸಲಕ್ಕೆ ಒಂದು ಚದರ ಅಡಿಯಷ್ಟೇ ಹಿಡಿಯಿರಿ. ಕಡಲೆಕಾಳು ಗಾತ್ರದ ಮೂರು ಹನಿ ಹಾಕಿ, ಹದವಾಗಿ ಒತ್ತಿ, ಅಡ್ಡಡ್ಡ ಮತ್ತು ಉದ್ದುದ್ದ ಒಂದೆರಡು ನಿಮಿಷ ಉಜ್ಜಿ ಒರೆಸಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಉಳಿದದ್ದು ಕಾಣುತ್ತದೆ.

ಎರಡು ಸಲಕ್ಕೂ ಹೋಗದಿದ್ದರೆ 3000 ನಂಬರ್ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಸಾಬೂನು ನೀರಲ್ಲಿ ಹತ್ತು ನಿಮಿಷ ನೆನೆಸಿ, ಗೀರಿನ ಗುಂಟ ಹತ್ತು ಸಲ ಹಗುರಕ್ಕೆ ಎಳೆದು, ಮತ್ತೆ ಕಾಂಪೌಂಡ್, ಕೊನೆಗೆ ಪಾಲಿಶ್. ಕೈ ತಡೆಯಬೇಕಾದ್ದು ಇಲ್ಲೇ. ಕಂಪನಿ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಡೋರಿನ ಅಂಚು, ಉಬ್ಬುಗೆರೆಗಳ ಮೇಲೆ ಇನ್ನೂ ತೆಳು. ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ. ಬಟ್ಟೆಗೆ ನೀಲಿ ಹತ್ತಿತೋ, ಕ್ಲಿಯರ್ ಮುಗಿಯಿತು, ನಿಲ್ಲಿಸಿ. ಆಮೇಲೆ ಪೇಂಟರೇ ಗತಿ.

ಕೊಬ್ಬರಿ ಎಣ್ಣೆ ಸವರಿದರೆ ಗೀರು ಹೋಗುತ್ತದೆ ಅನ್ನೋದು ಮುಂದಿನ ವಾಟರ್ ವಾಶ್‌ವರೆಗಿನ ಮಾತು.

ಪ್ರಶ್ನೆ: ಬೈಕಿನ ಹ್ಯಾಂಡಲ್ ತಾಗಿ ಸಿಲ್ವರ್ ಬಣ್ಣದ ಡೋರಿನಲ್ಲಿ ಮೂರು ಇಂಚು ಗೀರು, ತಗಡು ಕಾಣುತ್ತಿದೆ. ಟಚ್‌ಅಪ್ ಪೇಂಟಿನ ಬಾಟಲಿ ಸಾಕೇ?
– ಓದುಗರು, ರಾಯಚೂರು

ಉತ್ತರ: ತುಕ್ಕು ತಡೆಯಲು ಸಾಕು, ಗುರುತೇ ಸಿಗದಂತೆ ಮಾಡಲು ಸಾಲದು. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ, ಬ್ರಷ್‌ನಲ್ಲಿ ಹಚ್ಚಿದಾಗ ಅವು ಸ್ಪ್ರೇಯಲ್ಲಿ ಕೂತಂತೆ ಕೂರುವುದಿಲ್ಲ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಬಾನೆಟ್ ಒಳಗೋ ಡೋರಿನ ಕಂಬದಲ್ಲೋ ಇರುವ ಪಟ್ಟಿಯಲ್ಲಿ ಪೇಂಟ್ ಕೋಡ್ ನೋಡಿ, ಅದೇ ಕೋಡಿನದು ತನ್ನಿ. ತುಕ್ಕು ಹಿಡಿದಿದ್ದರೆ 800 ನಂಬರ್ ಪೇಪರಿನ ಚಿಕ್ಕ ಚೂರಿನಿಂದ ಗೀರಿನೊಳಗಷ್ಟೇ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಮೊದಲು ಪ್ರೈಮರ್ ತೆಳ್ಳಗೆ. ಅದು ಒಣಗಿದ ಮೇಲೆ, ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಬಣ್ಣ ಎರಡು ಮೂರು ಕೋಟ್, ಅರ್ಧರ್ಧ ಗಂಟೆ ಬಿಟ್ಟು. ಬಾಟಲಿಯ ಬ್ರಷ್ ದಪ್ಪ. ಹಲ್ಲುಕಡ್ಡಿ ತುದಿಯೇ ವಾಸಿ. ಕೊನೆಗೆ ಕ್ಲಿಯರ್. ಒಂದೇ ಸಲಕ್ಕೆ ದಪ್ಪ ಹಾಕಿದರೆ ಮೇಲೆ ಕೆನೆಗಟ್ಟಿ ಒಳಗೆ ತಿನ್ನರ್ ಉಳಿಯುತ್ತದೆ, ದಿನ ಕಳೆದಂತೆ ಅಲ್ಲಿ ತಗ್ಗು ಬೀಳುತ್ತದೆ. ಒಂದು ವಾರ ಬಿಟ್ಟು ಉಬ್ಬನ್ನು 2000 ನಂಬರ್‌ನಲ್ಲಿ ಸಮ ಮಾಡಿ ಕಾಂಪೌಂಡ್ ಹಾಕಿ.

ಪ್ರಶ್ನೆ: ಕಪ್ಪು ಕಾರು. ದಿನಾ ಒರೆಸಿದರೂ ಬಿಸಿಲಲ್ಲಿ ಸುತ್ತುಸುತ್ತು ಗೆರೆ ಕಾಣುತ್ತವೆ.
– ಓದುಗರು, ತೋರಣಗಲ್ಲು

ಉತ್ತರ: ಒರೆಸುತ್ತಿರುವುದರಿಂದಲೇ ಕಾಣುತ್ತಿವೆ. ನಿಮ್ಮ ಕಡೆಯ ಕಬ್ಬಿಣದ ಅದಿರಿನ ಧೂಳು ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಒಣ ಬಟ್ಟೆಯಲ್ಲಿ ತಳ್ಳಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಗಾಡಿಗೆ ಮುಟ್ಟಿಸಬೇಡಿ. ತೊಳೆಯಲು ಆಗದ ದಿನ ಧೂಳನ್ನು ಹಾಗೇ ಬಿಡಿ. ಈಗಿರುವ ಗೆರೆಗಳಿಗೆ ನಯವಾದ ಪಾಲಿಶ್ ಸಾಕು, ಕಾಂಪೌಂಡ್ ಬೇಡ.