ಗಾಳ ಹಾಕಲು ಉಬ್ಬರ ಒಳ್ಳೆಯದಾ, ಇಳಿತ ಒಳ್ಳೆಯದಾ?

ಉಬ್ಬರದ ಪಟ್ಟಿ ನೋಡಿಕೊಂಡು, ನೀರು ಪೂರ್ತಿ ತುಂಬುವ ಹೊತ್ತಿಗೇ ಅಳಿವೆಗೆ ಹೋದೆ, ಒಂದು ಗಂಟೆ ಕೂತರೂ ಒಂದು ಮೀನೂ ಕಚ್ಚಲಿಲ್ಲ, ಇಳಿತದಲ್ಲಿ ಹೋಗಬೇಕಿತ್ತಾ ಅಂತ ಕೇಳಿದ್ದೀರಿ. ಶುರುವಿನಲ್ಲಿ ನಾನೂ ಹೀಗೇ ಮಾಡುತ್ತಿದ್ದೆ. ಪಟ್ಟಿಯಲ್ಲಿ ಇರುವುದು ನೀರು ಎಷ್ಟು ಹೊತ್ತಿಗೆ ಅತಿ ಮೇಲೆ ಅಥವಾ ಅತಿ ಕೆಳಗೆ ಇರುತ್ತದೆ ಅಂತ. ಆದರೆ ಸಾಮಾನ್ಯವಾಗಿ ಆ ಎರಡು ಹೊತ್ತಿನ ಆಸುಪಾಸಿನಲ್ಲೇ ನೀರು ಹರಿಯದೆ ನಿಲ್ಲುತ್ತದೆ. ನೀರು ನಿಂತರೆ ಮೀನೂ ಸುಮ್ಮನಾಗುತ್ತದೆ.

ಕಾರಣ ಹೊಟ್ಟೆಪಾಡು. ಬೇಟೆಯಾಡುವ ಮೀನು ಸುಮ್ನೆ ಈಜಾಡಿ ಶಕ್ತಿ ಕಳೆದುಕೊಳ್ಳುವುದಿಲ್ಲ. ಒಂದು ಬಂಡೆಯ ಮರೆಯಲ್ಲೋ ಸೇತುವೆ ಕಂಬದ ಹಿಂದೆಯೋ ನೀರು ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಸೀಗಡಿ, ಮರಿ ಮೀನುಗಳನ್ನು ಸೆಳೆತವೇ ತಂದು ಕೊಡುತ್ತದೆ. ಸೆಳೆತ ನಿಂತ ಕೂಡಲೇ ಆ ಊಟ ಎಲ್ಲ ಕಡೆ ಹರಡಿಹೋಗುತ್ತದೆ. ಹಾಗಾಗಿ ಉಬ್ಬರವೋ ಇಳಿತವೋ ಅನ್ನುವುದಕ್ಕಿಂತ ನೀರು ಓಡುತ್ತಿದೆಯಾ ಅಂತ ನೋಡಿ. ಒಂದು ಒಣ ಎಲೆ ಹಾಕಿದರೆ ಸಾಕು, ಗೊತ್ತಾಗುತ್ತದೆ.

ಓಟದ ಲೆಕ್ಕಕ್ಕೆ ನಾವಿಕರು ಬಳಸುವ ಒಂದು ಹಳೆಯ ಅಂದಾಜು ಇದೆ. ಇಳಿಯಲು ಸುಮಾರು 6 ಗಂಟೆ ಬೇಕಲ್ವಾ? ಒಟ್ಟು ಇಳಿತವನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ 1 ಪಾಲು, ಆಮೇಲೆ 2, 3, 3, 2, ಕೊನೆಗೆ ಮತ್ತೆ 1. ಅಂದರೆ 2.4 ಮೀಟರ್ ಇಳಿಯುವ ದಿನ ಮೊದಲ ಗಂಟೆಯಲ್ಲಿ ಇಳಿಯುವುದು ಬರೀ 20 ಸೆಂಟಿಮೀಟರ್, ಮೂರನೆಯ ಗಂಟೆಯಲ್ಲಿ 60. ನೀವು ಕೂತಿದ್ದ ಆ ಒಂದು ಗಂಟೆ ಅತಿ ನಿಧಾನದ ಗಂಟೆ. ದಿನಕ್ಕೆ ಎರಡು ಉಬ್ಬರ ಬರುವ ಕಡೆಗಳಿಗೆ ಈ ಲೆಕ್ಕ. ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರ, ಅಲ್ಲಿ ಇದು ಹೊಂದುವುದಿಲ್ಲ.

ಇನ್ನು ಜಾಗ. ಏರುವ ನೀರಿನ ಜೊತೆ ಮೀನು ಕೆಸರು ಬಯಲಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನೊಳಗೆ ನುಗ್ಗುತ್ತದೆ. ಅಲ್ಲಿ ಏಡಿ, ಹುಳ, ಸೀಗಡಿ ಧಾರಾಳ. ಆಗ ಮೊಣಕಾಲುದ್ದದ ನೀರಲ್ಲೂ ದೊಡ್ಡ ಮೀನು ಇರುತ್ತದೆ, ಜನ ಅದನ್ನು ದಾಟಿ ದೂರಕ್ಕೆ ಗಾಳ ಎಸೆಯುತ್ತಾರೆ. ಪೂರ್ತಿ ತುಂಬಿದಾಗ ಮೀನು ಬೇರುಗಳ ಒಳಗೆ ಸೇರಿಬಿಡುತ್ತದೆ, ನಮ್ಮ ಗಾಳ ಅಲ್ಲಿಗೆ ಹೋಗುವುದಿಲ್ಲ.

ನನಗೆ ಅತಿ ಪ್ರೀತಿಯ ಹೊತ್ತು ಇಳಿತದ ನಡುವಿನದು. ಒಳಗೆ ಹೋದದ್ದೆಲ್ಲ ಈಗ ಹೊರಗೆ ಬರಲೇಬೇಕು. ದಾರಿ ಒಂದೇ: ಸಣ್ಣ ಸಣ್ಣ ತೋಡುಗಳು. ತೋಡಿನ ನೀರು ದೊಡ್ಡ ನೀರಿಗೆ ಬೀಳುವ ಬಾಯಲ್ಲಿ ಕೆಸರು ನೀರು, ತಿಳಿ ನೀರು ಸೇರಿ ಒಂದು ಗೆರೆ ಕಾಣಿಸುತ್ತದೆ. ಬಾರಾಮುಂಡಿಯಂಥ ಮೀನು ಕಾಯುವುದು ಇಂಥ ಬಾಯಲ್ಲೇ. ಎರೆಯನ್ನು ಆ ಗೆರೆಗೇ ಹಾಕಬೇಡಿ. ಸೆಳೆತದ ಮೇಲ್ಭಾಗಕ್ಕೆ ಎಸೆದು, ನೀರಿನ ಜೊತೆ ತಾನಾಗಿ ತೇಲಿ ಬರಲು ಬಿಡಿ. ಗಾಳದ ದಾರಕ್ಕೆ ಭಾರಕ್ಕಾಗಿ ಕಟ್ಟುವ ಸೀಸ ಆದಷ್ಟು ಹಗುರ ಇರಲಿ. ಸೆಳೆತಕ್ಕೆ ಎದುರಾಗಿ ಬರುವ ಸೀಗಡಿಯನ್ನು ಮೀನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಪಟ್ಟಿಯ ಹೊತ್ತು ಒಂದು ಗೊತ್ತಾದ ಜಾಗದ್ದು, ಸಾಮಾನ್ಯವಾಗಿ ಬಂದರಿನದು. ಹೊಳೆಯೊಳಗೆ ಹೋದಷ್ಟೂ ಉಬ್ಬರ ತಡ. ಎಷ್ಟು ತಡ ಅಂತ ಯಾವ ಪಟ್ಟಿಯೂ ನಿಮ್ಮ ತೋಡಿಗೆ ಹೇಳುವುದಿಲ್ಲ. ನಾನು ಒಂದು ಕೋಲು ನೆಟ್ಟು, ನೀರು ಎಷ್ಟು ಹೊತ್ತಿಗೆ ತಿರುಗಿತು ಅಂತ ಬರೆದಿಟ್ಟುಕೊಂಡೆ. ಕೆಲವು ದಿನಗಳಲ್ಲೇ ಅಂದಾಜು ಸಿಕ್ಕಿತು. ಈ ತಡದಿಂದ ಲಾಭವೂ ಇದೆ: ಅಳಿವೆಯ ಬಾಯಲ್ಲಿ ಒಳ್ಳೆಯ ಹೊತ್ತು ಮುಗಿದ ಮೇಲೆ ಹೊಳೆಯ ಒಳಗೆ ಹೋದರೆ ಅಲ್ಲಿ ಅದು ಇನ್ನೂ ನಡೆಯುತ್ತಿರುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ದೊಡ್ಡ ಸೆಳೆತ ಅಂದರೆ ಜಾಸ್ತಿ ಮೀನು ಅಂತ ನಂಬುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ದಿನಗಳಲ್ಲಿ ನೀರು ಕಲಕಿ ಕೆಸರಾಗಿರುತ್ತದೆ, ಎರೆ ತಳದಲ್ಲಿ ನಿಲ್ಲುವುದಿಲ್ಲ. ನಡುವಿನ ದಿನಗಳೇ ನನಗೆ ಇಷ್ಟ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಇವತ್ತು ಸಿಕ್ಕ ಹೊತ್ತಿಗೇ ನಾಳೆಯೂ ಹೋಗಬೇಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಏರುವ ನೀರಿನಲ್ಲಿ ಮರಳು ದಿಬ್ಬದ ಮೇಲೆ ನಿಂತಿದ್ದರೆ ಮುಂದೆ ಮಾತ್ರ ನೋಡಬೇಡಿ. ನೀವು ದಾಟಿ ಬಂದ ತಗ್ಗು ಹಿಂದಿನಿಂದ ಮೊದಲು ತುಂಬುತ್ತದೆ. ನನಗೆ ಒಮ್ಮೆ ಎದೆಮಟ್ಟದ ನೀರಲ್ಲಿ ವಾಪಸ್ ಬರಬೇಕಾಯಿತು. ಈಗ ನೀರು ತಿರುಗಿದ ಕೂಡಲೇ ದಿಬ್ಬ ಬಿಡುತ್ತೇನೆ.

ಮುಂದಿನ ಸಲ ಅದೇ ಜಾಗಕ್ಕೆ, ನೀರು ಇಳಿಯಲು ಶುರುವಾಗಿ ಎರಡು ಗಂಟೆ ಆದ ಮೇಲೆ ಹೋಗಿ. ಹತ್ತಿರದಲ್ಲಿ ತೋಡಿನ ಬಾಯಿ ಇದ್ದರೆ ಅಲ್ಲೇ ಕೂರಿ. ಏನಾಯಿತು ಅಂತ ಇಲ್ಲಿ ಬರೆಯಿರಿ.