ಚಕ್ಕೆಯ ಲೇಪ ಬೇರೆ, ಚಕ್ಕೆಯ ಎಣ್ಣೆ ಬೇರೆ

ಪತ್ರ: ತಲೆನೋವು ಬಂದರೆ ಅಮ್ಮ ದಾಲ್ಚಿನ್ನಿ ಚಕ್ಕೆ ತೇಯ್ದು ಹಣೆಗೆ ಹಚ್ಚುತ್ತಿದ್ದರು. ಅದೇ ಗುಣ ಇದ್ದೀತೆಂದು ಗ್ರಂಧಿಗೆ ಅಂಗಡಿಯಿಂದ ದಾಲ್ಚಿನ್ನಿ ಎಣ್ಣೆ ತಂದು ಎರಡು ಹನಿ ಹಚ್ಚಿದೆ. ಹಣೆ ಉರಿದು ಕೆಂಪಾಯಿತು. ಎಣ್ಣೆ ಕಲಬೆರಕೆಯೇ? ಹಲ್ಲುನೋವಿಗೆ ಹಾಕಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಅಪ್ಪಟ ಎಣ್ಣೆಯೂ ಹೀಗೆಯೇ ಉರಿಸುತ್ತದೆ. ಒಂದು ಕಿಲೋ ತೊಗಟೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಸಿಗುವ ಎಣ್ಣೆ ಸುಮಾರು 5ರಿಂದ 10 ಗ್ರಾಂ. ಅಂದರೆ ನಿಮ್ಮ ಎರಡು ಹನಿಯಲ್ಲಿ 10–20 ಗ್ರಾಂ ಚಕ್ಕೆಯ ಸತ್ವವಿತ್ತು. ಅಮ್ಮ ಸಾಣೆಕಲ್ಲಿನಲ್ಲಿ ತೇಯ್ದದ್ದು ಒಂದು ಗ್ರಾಂ ಇದ್ದರೆ ಹೆಚ್ಚು, ಅದೂ ನೀರು ಬೆರೆತದ್ದು.

ಮೊದಲು ಬಾಟಲಿಯ ಚೀಟಿ ಓದಿ, ತೊಗಟೆಯದೋ ಎಲೆಯದೋ ನೋಡಿ. ತೊಗಟೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿನ್ನಮಾಲ್ಡಿಹೈಡ್. ಚಕ್ಕೆಯ ಪರಿಮಳವೂ ಚರ್ಮದ ಉರಿಯೂ ಅದರದೇ. ಶ್ರೀಲಂಕಾದಲ್ಲಿ ಚಕ್ಕೆ ಸುಲಿದ ಮೇಲೆ ಉಳಿಯುವ ಎಲೆಗಳಿಂದ ತೆಗೆಯುವ ಎಣ್ಣೆಯಲ್ಲಿ ಮುಖ್ಯವಾಗಿ ಯುಜೆನಾಲ್ ಇರುತ್ತದೆ. ಮೂಸಿದರೆ ಲವಂಗವೇ ನೆನಪಾಗುತ್ತದೆ. ಬೆಲೆಯೂ ಕಡಿಮೆ. ಚೀಟಿಯಲ್ಲಿ ಬರೀ ‘ದಾಲ್ಚಿನ್ನಿ ಎಣ್ಣೆ’ ಎಂದಿದ್ದರೆ ತೊಗಟೆಯದೆಂದೇ ತಿಳಿದು ಬಳಸುವುದು ಕ್ಷೇಮ.

ಮೈಗೆ ಹಚ್ಚುವುದಾದರೆ 100 ಮಿ.ಲೀ. ಕೊಬ್ಬರಿ ಎಣ್ಣೆಗೆ ತೊಗಟೆ ಎಣ್ಣೆ ಒಂದೇ ಹನಿ; ಎಲೆ ಎಣ್ಣೆಯಾದರೆ ಹತ್ತು ಹನಿವರೆಗೆ. ಮುಖಕ್ಕೆ ಮಾತ್ರ ಯಾವುದೂ ಬೇಡ. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಅಡುಗೆಯ ಚಕ್ಕೆ, ಟೂತ್‌ಪೇಸ್ಟಿನ ಸುವಾಸನೆಗೂ ಬಾಯಿ ಹುಣ್ಣಾಗಬಹುದು. ಹಾಗಾಗಿ ಈ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟಿನ ಮಾತು. ಬಿಸಿನೀರಿನ ಸ್ನಾನಕ್ಕೂ ಹಾಕಬೇಡಿ. ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡಿ: ಬೆರೆಯದೆ, ಹಳದಿ ಮಣಿಯಂತೆ ತಳಕ್ಕಿಳಿದು ಕೂರುತ್ತದೆ. ಬಕೆಟ್ಟಿನಲ್ಲೂ ಅಷ್ಟೇ, ಕೊನೆಯ ಚೊಂಬಿನಲ್ಲಿ ಹಾಗೇ ಮೈಗಂಟುತ್ತದೆ. (ಮುಳುಗಿದ್ದಕ್ಕೇ ಶುದ್ಧವೆನ್ನಲಾಗದು, ಲವಂಗದೆಣ್ಣೆಯೂ ಮುಳುಗುತ್ತದೆ.)

ಹಲ್ಲುನೋವಿಗೆ ತೊಗಟೆ ಎಣ್ಣೆ ಬೇಡವೇ ಬೇಡ, ಒಸಡು ಸುಡುತ್ತದೆ. ನೋವು ಮರಗಟ್ಟಿಸುವುದು ಯುಜೆನಾಲ್. ಅದಕ್ಕೆ ಲವಂಗದೆಣ್ಣೆ ಸಾಕು: ಒಂದು ಹನಿಯನ್ನು ಅರ್ಧ ಚಮಚ ಕೊಬ್ಬರಿ ಎಣ್ಣೆಗೆ ಬೆರೆಸಿ, ಹತ್ತಿಯಲ್ಲಿ ಅದ್ದಿ ಹಲ್ಲಿಗಷ್ಟೇ ಮುಟ್ಟಿಸಿ, ನುಂಗಬೇಡಿ. ಹುಳುಕು ವಾಸಿಯಾಗದು, ದಂತವೈದ್ಯರಲ್ಲಿಗೆ ಹೋಗುವವರೆಗಿನ ಉಪಶಮನ ಇದು.

ಇನ್ನೊಮ್ಮೆ ಉರಿದರೆ ಬರೀ ನೀರು ಸುರಿಯಬೇಡಿ. ಮೊದಲು ಕೊಬ್ಬರಿ ಎಣ್ಣೆಯಲ್ಲಿ ಒರೆಸಿ ತೆಗೆದು ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಬಾಟಲಿಯ ಬಾಯಲ್ಲಿ ಬಿಳಿ ಹರಳು ಕಟ್ಟಿದ್ದರೆ ಗಾಳಿ ತಾಗಿ ಸಿನ್ನಮಿಕ್ ಆಮ್ಲವಾಗಿದೆ ಎಂದರ್ಥ; ಆ ಎಣ್ಣೆಯನ್ನು ಮೈಗೆ ಹಚ್ಚಬೇಡಿ.