ವರ್ಜೀನಿಯಾದಲ್ಲಿ ಬಂದೂಕು ಹಕ್ಕಿನ ಪರ ಕೆಲಸ: ಸದಸ್ಯತ್ವವೊಂದೇ ಸಾಕೇ?

ಗ್ರೀನ್ ಕಾರ್ಡ್ ಇದೆ, ಅಮೆರಿಕದ ಬಂದೂಕು ಹಕ್ಕಿನ ರಾಷ್ಟ್ರೀಯ ಸಂಘವಾದ ಎನ್‌ಆರ್‌ಎ ಸದಸ್ಯನಾದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಿಮ್ಮನ್ನು ನೇರವಾಗಿ ತಟ್ಟುವ ಮಸೂದೆಗಳು ಬಹುಪಾಲು ಬರುವುದು ರಾಜ್ಯದ ರಾಜಧಾನಿ ರಿಚ್‌ಮಂಡ್‌ನ ಶಾಸನಸಭೆಯಲ್ಲಿ. ಹಾಗಾಗಿ ಮೊದಲು ರಾಜ್ಯದ ಸಂಘ, ವರ್ಜೀನಿಯಾ ಸಿಟಿಜನ್ಸ್ ಡಿಫೆನ್ಸ್ ಲೀಗ್ ಸೇರಿ, ಅವರ ಇಮೇಲ್ ಅಲರ್ಟ್ ಹಾಕಿಸಿಕೊಳ್ಳಿ.

ಅಧಿವೇಶನ ಶುರುವಾಗುವುದು ಜನವರಿಯ ಎರಡನೇ ಬುಧವಾರ. ಮಸೂದೆಗಳು ಉಳಿಯುವುದೋ ಸಾಯುವುದೋ ಹೆಚ್ಚಾಗಿ ಉಪಸಮಿತಿಯಲ್ಲೇ ತೀರ್ಮಾನವಾಗುತ್ತದೆ. ಸದನದ ಮತದಾನದವರೆಗೆ ಕಾದವರು ತಡವಾಗಿ ಎದ್ದಂತೆ. ವಿಚಾರಣೆಗೆ ಮುಂಚೆಯೇ ನಿಮ್ಮ ಕ್ಷೇತ್ರದ ಡೆಲಿಗೇಟ್ (ರಾಜ್ಯದ ಕೆಳಮನೆಯ ಶಾಸಕರು) ಕಚೇರಿಗೆ ಫೋನ್ ಮಾಡಿ. ಮೊದಲ ವಾಕ್ಯದಲ್ಲೇ ಹೆಸರು, ಊರು, ಜಿಪ್ ಕೋಡ್, ಮಸೂದೆಯ ನಂಬರು, ಪರವೋ ವಿರೋಧವೋ ಹೇಳಿಬಿಡಿ. ಫೋನೆತ್ತುವ ಸಹಾಯಕರು ಬರೆದುಕೊಳ್ಳುವುದು ಅಷ್ಟನ್ನೇ. ಸಂಘ ಕೊಟ್ಟ ಸಿದ್ಧ ಪತ್ರವನ್ನೇ ಕಳಿಸಿದರೆ ಅದು ರಾಶಿಯಲ್ಲೊಂದು. ಮಸೂದೆಯ ಯಾವ ಸಾಲು ನಿಮಗೆ ಹೇಗೆ ತೊಂದರೆ ಎಂದು ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆಯಿರಿ. ಬೇರೆ ಕ್ಷೇತ್ರದವರಿಗೆ ಬರೆದರೆ ತೂಕ ಕಡಿಮೆ.

ಮತ ಹಾಕುವ ಹಕ್ಕು ನಿಮಗಿಲ್ಲ, ಆದರೆ ಅಲ್ಲಿನ ನಿವಾಸಿಯಾಗಿ ಮನವಿ ಕೊಡಬಹುದು. ಗ್ರೀನ್ ಕಾರ್ಡ್ ಇದ್ದವರು ಚುನಾವಣಾ ದೇಣಿಗೆಯನ್ನೂ ಕೊಡಬಹುದು. ಎಚ್-1ಬಿ ವೀಸಾದಲ್ಲಿರುವ ಗೆಳೆಯರಿದ್ದರೆ ಎಚ್ಚರಿಸಿ: ಅಭ್ಯರ್ಥಿಗಾಗಲಿ ಪಿಎಸಿಗಾಗಲಿ (ಚುನಾವಣೆಗೆ ಹಣ ಕೂಡಿಸುವ ಸಮಿತಿ) ಅವರು ಒಂದು ಡಾಲರ್ ಕೊಟ್ಟರೂ ಕಾನೂನುಬಾಹಿರ.

ಜನವರಿಯ ಮೂರನೇ ಸೋಮವಾರ ಲಾಬಿ ಡೇ, ಅಂದರೆ ಜನ ಶಾಸಕರನ್ನು ಖುದ್ದಾಗಿ ಕಂಡು ಮನವಿ ಕೊಡುವ ದಿನ. ಹೋಗುವುದಾದರೆ ಬಂದೂಕು ಮನೆಯಲ್ಲೇ ಇರಲಿ, ಕ್ಯಾಪಿಟಲ್ (ಶಾಸನಸಭೆಯ ಕಟ್ಟಡ) ಆವರಣದಲ್ಲಿ ಅದಕ್ಕೆ ನಿಷೇಧವಿದೆ.